ಸಕ್ರಮವಾದ ಕಟ್ಟಡ, ಅಕ್ರಮವಾಗಿಯೇ ಉಳಿದ ಕಂಬ

ಟರ್ಕಿಯಲ್ಲಿ ಭೂಕಂಪದಿಂದಾದ ಹಾನಿಯನ್ನೆಲ್ಲ ಪ್ರಕೃತಿಯ ಲೆಕ್ಕಕ್ಕೆ ಬರೆದುಬಿಡುವುದು ಸರಿಯಲ್ಲ ಎಂದು ಅಲ್ಲಿನ ಮರುನಿರ್ಮಾಣ ಕುರಿತ ವರದಿ ಓದಿದಾಗ ಅನ್ನಿಸಿತು. 2023ರ ಫೆಬ್ರುವರಿ 6ರಂದು ಸಂಭವಿಸಿದ 7.8 ತೀವ್ರತೆಯ ಕಂಪನ ಆ ದೇಶವೊಂದರಲ್ಲೇ 50 ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. ನೇರ ಭೌತಿಕ ನಷ್ಟವೇ ಸುಮಾರು 3,420 ಕೋಟಿ ಡಾಲರ್, ಅಂದರೆ 2021ರ ಜಿಡಿಪಿಯ ಶೇ 4ರಷ್ಟು ಎಂದು ವಿಶ್ವಬ್ಯಾಂಕ್ ಅಂದಾಜಿಸಿತ್ತು.

1999ರ ಇಜ್ಮಿತ್ ಭೂಕಂಪದ ಬಳಿಕ ಅಲ್ಲಿ ಕಟ್ಟಡ ನಿಯಮಗಳು ಬಿಗಿಯಾಗಿದ್ದವು, ಭೂಕಂಪದ ಹೆಸರಿನಲ್ಲಿ ತೆರಿಗೆಯೂ ಬಂದಿತ್ತು. ಹಾಗಿದ್ದೂ 2018ರಲ್ಲಿ, ನಿಯಮ ಮೀರಿ ಕಟ್ಟಿದವರಿಂದ ಶುಲ್ಕ ಪಡೆದು, ಮಾಲೀಕರ ಘೋಷಣೆಯನ್ನೇ ನಂಬಿ ಲಕ್ಷಾಂತರ ಕಟ್ಟಡಗಳನ್ನು ಸಕ್ರಮಗೊಳಿಸಲಾಯಿತು. ರಸೀದಿಯಿಂದ ಕಂಬಕ್ಕೆ ಬಲ ಬರುವುದಿಲ್ಲವಷ್ಟೆ. ಮಳಿಗೆ ವಿಶಾಲವಾಗಲೆಂದು ನೆಲ ಅಂತಸ್ತಿನ ಗೋಡೆಗಳನ್ನು ಕೈಬಿಟ್ಟು, ಬರೀ ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡ ಅಲುಗಾಡಿದಾಗ ಮೊದಲು ಮುರಿಯುವುದು ಆ ಕಂಬಗಳೇ. ಮೇಲಿನ ಅಂತಸ್ತುಗಳು ತಟ್ಟೆ ಜೋಡಿಸಿಟ್ಟಂತೆ ಒಂದರ ಮೇಲೊಂದು ಕುಸಿದು ಕೂರುತ್ತವೆ.

ಆದ್ದರಿಂದ ಮರುನಿರ್ಮಾಣಕ್ಕೆ ಸಾಲ ಕೊಡುವ ಸಂಸ್ಥೆಗಳು, ಸ್ವತಂತ್ರ ಎಂಜಿನಿಯರ್‌ಗಳ ತಪಾಸಣೆಯಿಲ್ಲದೆ ಯಾವ ಕಟ್ಟಡವನ್ನೂ ಸಕ್ರಮಗೊಳಿಸಬಾರದು ಎಂಬ ಷರತ್ತನ್ನು ಸಾಲಪತ್ರದಲ್ಲೇ ಸೇರಿಸಲಿ, ತಪಾಸಣಾ ವರದಿ ಅಲ್ಲಿನ ನಿವಾಸಿಗಳ ಕೈಗೂ ಸಿಗಲಿ.