ಯಾರ ತಲೆ ಎಣಿಸಿದರು ಅಂತ ಕೇಳುತ್ತಾ ಬರಿ

ಪ್ರೀತಿಯ ತಂಗಿ,

ನೀನು ಕಳಿಸಿದ ಅಧ್ಯಾಯಗಳು ಬಂದವು. ಪೂರ್ತಿ ಓದಿದೆ. ಅಮೆರಿಕ ಅನ್ನುವ ದೇಶ ಹುಟ್ಟಿದ ಕಥೆಯನ್ನು ಕನ್ನಡದಲ್ಲಿ, ನಮ್ಮ ಕಾಲೇಜು ಮಕ್ಕಳು ಹಿಡಿದರೆ ಬಿಡದ ಹಾಗೆ ಬರೆಯಬೇಕು ಅನ್ನುವ ನಿನ್ನ ಆಸೆ ನನಗೆ ತುಂಬಾ ಹಿಡಿಸಿತು. ಇವತ್ತು ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಅಲ್ಲಿದ್ದಾರೆ. ಆದರೂ ಆ ದೇಶ ಹೇಗೆ ಕಟ್ಟಿಕೊಂಡಿತು ಅಂತ ಕೇಳಿದರೆ ಕೊಲಂಬಸ್, ವಾಷಿಂಗ್ಟನ್, ಲಿಂಕನ್ ಅಂತ ಹೇಳಿ ನಿಲ್ಲಿಸಿಬಿಡುತ್ತೇವೆ. ನಿನ್ನ ಪುಸ್ತಕ ಬೇಕು. ಅದಕ್ಕೇ ಇಷ್ಟು ಉದ್ದದ ಪತ್ರ.

ನಿನ್ನ ಇಸವಿಗಳು ಸರಿ ಇವೆ. ಭಾಷೆಯೂ ತಿಳಿಯಾಗಿದೆ. ತೊಂದರೆ ಇರುವುದು ನಡಿಗೆಯಲ್ಲಿ. 1607ರಲ್ಲಿ ಹಡಗಿನಿಂದ ಇಳಿದವರಿಂದ ಹಿಡಿದು 1789ರಲ್ಲಿ ಅಧ್ಯಕ್ಷನಾದ ವಾಷಿಂಗ್ಟನ್‌ವರೆಗೆ ಎಲ್ಲರೂ ಒಂದೇ ದಾರಿಯಲ್ಲಿ, ಒಂದೇ ಗುರಿಗೆ ಹೊರಟ ಹಾಗೆ ಕಾಣುತ್ತಾರೆ. ಮುಂದೆ ಸ್ವಾತಂತ್ರ್ಯ ಕಾದಿದೆ ಅಂತ ಎಲ್ಲರಿಗೂ ಮೊದಲೇ ಗೊತ್ತಿದ್ದ ಹಾಗೆ! ಅವರಿಗೆ ಗೊತ್ತಿರಲಿಲ್ಲ ಕಣಮ್ಮ. ಮೊದಲು ಬಂದವರಿಗೆ ಮುಂದಿನ ಚಳಿಗಾಲ ದಾಟುತ್ತೇವಾ ಅನ್ನುವುದೇ ಗೊತ್ತಿರಲಿಲ್ಲ.

ನಾನು ಹೇಳುವುದು ಇಷ್ಟೇ. ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದುಕೋ. ಯಾರ ತಲೆ ಎಣಿಸಿದರು, ಎಣಿಸಿದ್ದು ಯಾರು, ಅದರಿಂದ ಯಾರಿಗೆ ಏನು ಸಿಕ್ಕಿತು? ಈ ಪ್ರಶ್ನೆ ಹಿಡಿದು ಹೊರಟರೆ ಜಮೀನು, ದುಡಿಮೆ, ತೆರಿಗೆ, ಮತ, ಸರ್ಕಾರ ಎಲ್ಲವೂ ದಾರಿಯಲ್ಲೇ ಸಿಗುತ್ತವೆ. ಬೇರೆ ಬೇರೆ ಅಧ್ಯಾಯ ಮಾಡಿ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ವರ್ಜೀನಿಯಾದಲ್ಲಿ ಇಂಗ್ಲಿಷರು ಕಟ್ಟಿದ ನೆಲೆ ಜೇಮ್ಸ್‌ಟೌನ್‌ನಿಂದಲೇ ನೋಡು. 1607ರ ಮೇ ತಿಂಗಳಲ್ಲಿ ಅಲ್ಲಿ ಇಳಿದವರು 104 ಗಂಡಸರು ಮತ್ತು ಹುಡುಗರು. ಅವರನ್ನು ಕಳಿಸಿದ್ದು ಲಂಡನ್ನಿನ ವರ್ಜೀನಿಯಾ ಕಂಪನಿ. ಹಣ ಹಾಕಿದವರಿಗೆ ಲಾಭ ಬೇಕಿತ್ತು. ಇಳಿದ ಜಾಗ ಪೌಹಾಟನ್ ಎಂಬ ದೊರೆಯ ಕೈಕೆಳಗಿದ್ದ ಜನರದ್ದು. 1609-10ರ ಚಳಿಗಾಲದಲ್ಲಿ ಸುಮಾರು 300 ಜನರಲ್ಲಿ ಉಳಿದವರು 60 ಜನ. ನಾಯಿ, ಕುದುರೆ, ಇಲಿ, ಬೂಟಿನ ಚರ್ಮ ಎಲ್ಲ ತಿಂದರು. ಹದಿನಾಲ್ಕು ವರ್ಷದ ಒಬ್ಬ ಹುಡುಗಿಯ ತಲೆಬುರುಡೆ ಅಲ್ಲಿ ಅಗೆಯುವಾಗ ಸಿಕ್ಕಿದೆ. ಅದರ ಮೇಲೆ ಕತ್ತಿಯ ಗುರುತುಗಳಿವೆ. ಸತ್ತವಳನ್ನು ತಿಂದಿದ್ದಾರೆ ಅಂತ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ನೀನು ಈ ಚಳಿಗಾಲವನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀಯ. ಒಂದು ಪುಟ ಕೊಡು. ಹಸಿವು ಗೊತ್ತಾಗದೆ ಇವರ ಮುಂದಿನ ಆತುರ ಯಾರಿಗೂ ಅರ್ಥವಾಗುವುದಿಲ್ಲ.

ಆಮೇಲೆ ಹೊಗೆಸೊಪ್ಪು ಬಂತು. ಅದಕ್ಕೆ ಲಂಡನ್ನಿನಲ್ಲಿ ಬೆಲೆ ಬಂತು. ಜಮೀನು ಬೇಕಾದಷ್ಟಿದೆ ಅಂತ ಅವರು ಅಂದುಕೊಂಡಿದ್ದರು, ಕೆಲಸಕ್ಕೆ ಮಾತ್ರ ಜನ ಇರಲಿಲ್ಲ. ಆಗ, 1618ರಲ್ಲಿ, ಕಂಪನಿ ಒಂದು ಲೆಕ್ಕ ತಂದಿತು. ಯಾರು ಒಬ್ಬ ಮನುಷ್ಯನ ಹಡಗಿನ ಖರ್ಚು ಕೊಟ್ಟು ಕರೆತರುತ್ತಾರೋ ಅವರಿಗೆ ಆ ಒಂದು ತಲೆಗೆ 50 ಎಕರೆ. ಗಮನಿಸಿದೆಯಾ? ಎಕರೆ ಸಿಕ್ಕಿದ್ದು ಬಂದವನಿಗಲ್ಲ, ದುಡ್ಡು ಕೊಟ್ಟವನಿಗೆ. ಬಂದವನು ಕರಾರು ಬರೆದುಕೊಟ್ಟು ಅವನ ಹೊಲದಲ್ಲಿ ವರ್ಷಗಟ್ಟಲೆ ದುಡಿಯಬೇಕಿತ್ತು. ಮುಂದೆ ಆಫ್ರಿಕಾದಿಂದ ಹಿಡಿದು ತಂದವರ ತಲೆ ತೋರಿಸಿಯೂ ಜಮೀನು ಬರೆಸಿಕೊಂಡರು. ನಿನ್ನ ಪುಸ್ತಕದ ಮೊದಲ ಎಣಿಕೆ ಇದು.

ಮಾರನೇ ವರ್ಷ, 1619. ಇಲ್ಲಿ ನಿಧಾನ ಮಾಡು. ಜುಲೈ 30ರಂದು ಜೇಮ್ಸ್‌ಟೌನ್‌ನ ಚರ್ಚಿನಲ್ಲಿ ಒಂದು ಸಭೆ ಸೇರಿತು. ಬೇರೆ ಬೇರೆ ನೆಲೆಗಳಿಂದ ಆರಿಸಿ ಬಂದ 22 ಜನ, ಜೊತೆಗೆ ರಾಜ್ಯಪಾಲ ಮತ್ತು ಅವನ ಸಲಹೆಗಾರರು. ಸೆಕೆ ಎಷ್ಟಿತ್ತೆಂದರೆ ಸದಸ್ಯನೊಬ್ಬ ಸಭೆ ನಡೆಯುವ ದಿನಗಳಲ್ಲೇ ತೀರಿಕೊಂಡ. ಆಗಸ್ಟ್ 4ಕ್ಕೆ ಮುಗಿಸಿ ಎದ್ದರು. ಇಂಗ್ಲಿಷರ ಅಮೆರಿಕದಲ್ಲಿ ಜನರಿಂದ ಆರಿಸಿ ಬಂದವರು ಕೂತ ಮೊದಲ ಸಭೆ ಅದು. ಅದೇ ಆಗಸ್ಟ್ ಕೊನೆಗೆ, ಸ್ವಲ್ಪ ದೂರದ ಪಾಯಿಂಟ್ ಕಂಫರ್ಟ್‌ಗೆ ವೈಟ್ ಲಯನ್ ಅನ್ನುವ ಹಡಗು ಬಂತು. ಅಂಗೋಲಾದ ಲುವಾಂಡಾದಿಂದ ಹೊರಟಿದ್ದ ಪೋರ್ಚುಗೀಸ್ ಹಡಗನ್ನು ದೋಚಿ, ಅದರಲ್ಲಿದ್ದ ಜನರನ್ನು ಹೊತ್ತು ತಂದಿತ್ತು. ಹಡಗಿನವರು ಅವರನ್ನು ಕೊಟ್ಟು ಊಟದ ಸಾಮಾನು ತೆಗೆದುಕೊಂಡರು. ಅಲ್ಲಿ ನೆಲೆಸಿದ್ದ ಜಾನ್ ರಾಲ್ಫ್ ಎಂಬವನು ಕಂಪನಿಗೆ ಬರೆದ ಪತ್ರದಲ್ಲಿ ಅವರು ಇಪ್ಪತ್ತು ಚಿಲ್ಲರೆ ನೀಗ್ರೋಗಳು ಅಂತಷ್ಟೇ ಇದೆ. ಸರಿಯಾದ ಲೆಕ್ಕವೂ ಇಲ್ಲ, ಒಂದು ಹೆಸರೂ ಇಲ್ಲ.

ನೀನು ಸಭೆಯನ್ನು ಎರಡನೇ ಅಧ್ಯಾಯದಲ್ಲೂ, ಈ ಹಡಗನ್ನು ಐದನೇ ಅಧ್ಯಾಯದಲ್ಲೂ ಇಟ್ಟಿದ್ದೀಯ. ಎರಡನ್ನೂ ಒಂದೇ ಪುಟಕ್ಕೆ ತಾ. ನೀನಾಗಿ ಏನೂ ಹೇಳಬೇಕಾಗಿಲ್ಲ. ತಾರೀಕು ಬರೆದರೆ ಸಾಕು.

ಹಾಗೆ ಬಂದವರಲ್ಲಿ ಒಬ್ಬಳ ಹೆಸರು ನಮಗೆ ಗೊತ್ತಿದೆ. 1625ರಲ್ಲಿ ವರ್ಜೀನಿಯಾದ ಮನೆಮನೆಯ ಪಟ್ಟಿ ಮಾಡಿದರು. ಯಾರ ಮನೆಯಲ್ಲಿ ಎಷ್ಟು ಜನ, ಎಷ್ಟು ಮೆಕ್ಕೆಜೋಳ, ಎಷ್ಟು ಬಂದೂಕು, ಎಷ್ಟು ದನ ಅಂತ. ಕ್ಯಾಪ್ಟನ್ ವಿಲಿಯಂ ಪಿಯರ್ಸ್ ಎಂಬವನ ಮನೆಯ ಲೆಕ್ಕದಲ್ಲಿ ಒಂದು ಸಾಲು ಬರುತ್ತದೆ: ಏಂಜೆಲೊ, ನೀಗ್ರೋ ಹೆಂಗಸು, ಟ್ರೆಷರರ್ ಹಡಗಿನಲ್ಲಿ ಬಂದವಳು. ಅಷ್ಟೇ. (ಟ್ರೆಷರರ್ ಅಂದರೆ ವೈಟ್ ಲಯನ್ ಜೊತೆ ಸೇರಿ ಅದೇ ಪೋರ್ಚುಗೀಸ್ ಹಡಗನ್ನು ದೋಚಿದ ಇನ್ನೊಂದು ಹಡಗು.) ಈಗ ಎಲ್ಲರೂ ಅವಳನ್ನು ಏಂಜೆಲಾ ಅನ್ನುತ್ತಾರೆ. ಆಮೇಲೆ ಅವಳೇನಾದಳು ಅಂತ ಹೇಳುವ ಕಾಗದ ಇಲ್ಲ.

ನೀನು ಅವಳಿಗೆ ಕಣ್ಣೀರು ಕೊಟ್ಟಿದ್ದೀಯ, ತಾಯಿಯ ನೆನಪು ಕೊಟ್ಟಿದ್ದೀಯ, ಸಮುದ್ರ ನೋಡುತ್ತಾ ಹಾಡಿದ ಹಾಡು ಕೊಟ್ಟಿದ್ದೀಯ. ಪ್ರೀತಿಯಿಂದಲೇ ಬರೆದಿದ್ದೀಯ, ಗೊತ್ತು. ಆದರೂ ತೆಗೆದುಬಿಡು. ಇತಿಹಾಸದ ಪುಸ್ತಕದಲ್ಲಿ ಅವಳಿಗೆ ನಾವು ಕೊಡಬಹುದಾದ ದೊಡ್ಡ ಮರ್ಯಾದೆ ಆ ಒಂದು ಸಾಲನ್ನು ಇದ್ದ ಹಾಗೇ ಓದುಗರ ಮುಂದೆ ಇಡುವುದು. ಆ ಪಟ್ಟಿಯಲ್ಲಿ ಮೆಕ್ಕೆಜೋಳ, ಬಂದೂಕುಗಳ ಜೊತೆ ಅವಳ ಹೆಸರೂ ಇದೆ ಅಂತ ತೋರಿಸು. ಓದುಗರ ಎದೆ ಒಡೆಯಲು ಅಷ್ಟು ಸಾಕು. ನಾವು ಸೇರಿಸಿದ ಕಣ್ಣೀರು ನಮ್ಮದು, ಅವಳದ್ದಲ್ಲ.

ಇಂಗ್ಲಿಷರ ಇನ್ನೊಂದು ನೆಲೆಯಾದ ಪ್ಲಿಮತ್ ಬಗ್ಗೆ ನೀನು ಜಾಸ್ತಿ ಬರೆದಿದ್ದೀಯ. ಮೇಫ್ಲವರ್ ಹಡಗು, 102 ಪ್ರಯಾಣಿಕರು, 41 ಜನ ಸಹಿ ಹಾಕಿದ ಒಪ್ಪಂದ, ಮೊದಲ ಚಳಿಗಾಲದಲ್ಲೇ ಅರ್ಧದಷ್ಟು ಜನರ ಸಾವು. ಇದನ್ನೆಲ್ಲ ಚಿಕ್ಕದು ಮಾಡು, ಎಲ್ಲರೂ ಬರೆದಿದ್ದಾರೆ. ಬದಲಿಗೆ ಅವರು ಊರು ಕಟ್ಟಿದ್ದು ಪಟುಕ್ಸೆಟ್ ಅನ್ನುವ ಖಾಲಿ ಹಳ್ಳಿಯ ಮೇಲೆ ಅಂತ ಬರಿ. ಕೆಲವೇ ವರ್ಷಗಳ ಹಿಂದೆ ಕಾಯಿಲೆ ಬಂದು ಆ ಹಳ್ಳಿ ಬರಿದಾಗಿತ್ತು. ಅವರಿಗೆ ಮೆಕ್ಕೆಜೋಳ ಬಿತ್ತಲು ಕಲಿಸಿದ ಟಿಸ್ಕ್ವಾಂಟಮ್ ಆ ಊರಿನವನೇ. ಅವನ ಊರಿನ ಸತ್ತವರನ್ನು ಎಣಿಸಿಟ್ಟವರು ಯಾರೂ ಇಲ್ಲ.

ಚಹಾ ಅಧ್ಯಾಯದಲ್ಲಿ ಒಂದು ತಿದ್ದುಪಡಿ. 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ಬ್ರಿಟಿಷ್ ತೆರಿಗೆಯನ್ನು ವಿರೋಧಿಸಿದ ಜನ ನೀರಿಗೆ ಎಸೆದ 342 ಪೆಟ್ಟಿಗೆಗಳಲ್ಲಿ ಇದ್ದದ್ದು ಭಾರತದ ಚಹಾ ಅಲ್ಲ, ಚೀನಾದ್ದು. ಅಸ್ಸಾಮಿನ ತೋಟಗಳು ಬಂದದ್ದು ಮುಂದಿನ ಶತಮಾನದಲ್ಲಿ. ಆದರೆ ಭಾರತದ ನಂಟು ಬೇರೆ ಕಡೆ ಇದೆ. ಚಹಾ ಈಸ್ಟ್ ಇಂಡಿಯಾ ಕಂಪನಿಯದ್ದು. 1770ರ ಬಂಗಾಳದ ಬರದಲ್ಲಿ ಲಕ್ಷಾಂತರ ಜನ ಸತ್ತರು. ಅದರ ಹಿಂದೆಯೇ ಕಂಪನಿ ಸಾಲದಲ್ಲಿ ಮುಳುಗಿತು, ಗೋದಾಮಿನಲ್ಲಿ ಚಹಾ ಬಿದ್ದುಕೊಂಡಿತ್ತು. ಅದನ್ನು ಅಮೆರಿಕಕ್ಕೆ ದಾಟಿಸಲೆಂದೇ ಬ್ರಿಟಿಷ್ ಸಂಸತ್ತು 1773ರ ಕಾಯ್ದೆ ತಂದಿತು. ಈ ಒಂದು ಕೊಂಡಿ ಹಾಕಿದರೆ ನಿನ್ನ ಅಧ್ಯಾಯಕ್ಕೆ ಬೇರೆಯೇ ತೂಕ ಬರುತ್ತದೆ.

ನಮ್ಮ ಕಡೆಯ ನಂಟಿನ ಬಗ್ಗೆಯೂ ಕೇಳಿದ್ದೀಯ. ಇದೆ, ಆದರೆ ಒಂದು ಪ್ಯಾರಾ ಸಾಕು. ಬ್ರಿಟಿಷರ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದ 1782ರಲ್ಲಿ ಫಿಲಡೆಲ್ಫಿಯಾದವರು ಡೆಲವೇರ್ ಕೊಲ್ಲಿಯನ್ನು ಕಾಯಲು ಸಜ್ಜು ಮಾಡಿದ ಹಡಗಿನ ಹೆಸರು ಹೈದರ್ ಅಲಿ. ನಮ್ಮ ಮೈಸೂರಿನ ಹೈದರಾಲಿಯೇ! ಅವನೂ ಆಗ ಇದೇ ಬ್ರಿಟಿಷರ ಮೇಲೆ ಯುದ್ಧದಲ್ಲಿದ್ದ. ಏಪ್ರಿಲ್ 8ರಂದು ಕ್ಯಾಪ್ಟನ್ ಜೋಶುವಾ ಬಾರ್ನಿ ಆ ಹಡಗಿನಿಂದ ತನಗಿಂತ ಬಲವಾದ ಜನರಲ್ ಮಂಕ್ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿದ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತ ಬ್ರಿಟಿಷ್ ಸೇನೆಯ ಸೇನಾಪತಿ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡ. ಇಷ್ಟು ಹೇಳಿ ಮುಂದೆ ಹೋಗು. ಇದನ್ನೇ ಎಳೆದು ಒಂದು ಅಧ್ಯಾಯ ಮಾಡಿದರೆ ಫಿಲಡೆಲ್ಫಿಯಾಕ್ಕೆ ಹೋಗಬೇಕಾದ ಓದುಗ ಶ್ರೀರಂಗಪಟ್ಟಣದಲ್ಲೇ ಉಳಿದುಬಿಡುತ್ತಾನೆ.

ಫಿಲಡೆಲ್ಫಿಯಾಕ್ಕೆ ಹೋಗುವ ಮುಂಚೆ 1783ರಲ್ಲಿ ಒಂದು ಕ್ಷಣ ನಿಲ್ಲು. ಯುದ್ಧ ಮುಗಿದಿತ್ತು, ಸಾಲ ತಲೆ ಮೇಲಿತ್ತು, ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳು ಎಷ್ಟೆಷ್ಟು ಹಣ ಕೊಡಬೇಕು ಅನ್ನುವುದನ್ನು ಜನಸಂಖ್ಯೆಯ ಮೇಲೆ ನಿರ್ಧರಿಸೋಣ ಅಂದರು. ಹಾಗಾದರೆ ಗುಲಾಮರನ್ನು ಎಣಿಸುವುದು ಹೇಗೆ? ದಕ್ಷಿಣದವರು ಕಡಿಮೆ ಎಣಿಸಿ ಅಂದರು, ಉತ್ತರದವರು ಜಾಸ್ತಿ ಎಣಿಸಿ ಅಂದರು. ಐದರಲ್ಲಿ ಮೂರು ಪಾಲು ಅಂತ ನಡುವಿನ ಅಂಕಿ ಸೂಚಿಸಿದವನು ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್. ಎಲ್ಲ ರಾಜ್ಯಗಳೂ ಒಪ್ಪದ ಕಾರಣ ಆ ಯೋಜನೆ ಬಿದ್ದುಹೋಯಿತು. ಅಂಕಿ ಉಳಿಯಿತು.

ಅದೇ 1783ರ ಸೆಪ್ಟೆಂಬರ್‌ನಲ್ಲಿ ಇದೇ ಮ್ಯಾಡಿಸನ್ ತನ್ನ ತಂದೆಗೆ ಒಂದು ಪತ್ರ ಬರೆದ. ಫಿಲಡೆಲ್ಫಿಯಾದಲ್ಲಿ ಅವನ ಜೊತೆ ಬಿಲ್ಲಿ ಎಂಬ ಗುಲಾಮನಿದ್ದ. ಅವನನ್ನು ಮನೆಗೆ ವಾಪಸ್ ಕರೆದುಕೊಂಡು ಬರಲಾರೆ, ಸ್ವಾತಂತ್ರ್ಯದ ಆಸೆ ಹತ್ತಿಬಿಟ್ಟಿದೆ, ವರ್ಜೀನಿಯಾದ ಉಳಿದವರ ಜೊತೆ ಇನ್ನು ಹೊಂದಿಕೊಳ್ಳುವುದಿಲ್ಲ ಅಂತ ಬರೆದ. ನಾವು ಇಷ್ಟೊಂದು ರಕ್ತ ಸುರಿಸಿ ಪಡೆದ ಸ್ವಾತಂತ್ರ್ಯವನ್ನು ಅವನೂ ಬಯಸಿದ ಅಂತ ಶಿಕ್ಷೆ ಕೊಡುವುದು ಹೇಗೆ ಅಂತಲೂ ಬರೆದ. ಹಾಗಂತ ಬಿಟ್ಟು ಕಳಿಸಲಿಲ್ಲ. ಪೆನ್ಸಿಲ್ವೇನಿಯಾದ ಕಾನೂನು ಒಪ್ಪುವ ವರ್ಷಗಳ ದುಡಿಮೆಗೆ ಅವನನ್ನು ಅಲ್ಲೇ ಮಾರಿದ.

ಈ ಪತ್ರವನ್ನು ನಿನ್ನ ಪುಸ್ತಕದ ನಡುವಿನಲ್ಲಿ ಇಡು. ಮ್ಯಾಡಿಸನ್‌ನನ್ನು ದೇವರು ಮಾಡಬೇಡ, ರಾಕ್ಷಸನನ್ನಾಗಿಯೂ ಮಾಡಬೇಡ. ಅವನಿಗೆ ಎಲ್ಲವೂ ಅರ್ಥವಾಗಿತ್ತು. ಅರ್ಥವಾದ ಮೇಲೂ ಮಾರಿದ. ನನ್ನ ಮಟ್ಟಿಗೆ ಆ ಕಾಲದ ರಾಜಕೀಯವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕಾಗದ ಇನ್ನೊಂದಿಲ್ಲ.

ಈಗ 1787ರ ಬೇಸಿಗೆ, ಸಂವಿಧಾನ ಬರೆಯಲು ಫಿಲಡೆಲ್ಫಿಯಾದಲ್ಲಿ ಸೇರಿದ ಸಭೆ. ಮೇ 25ರಿಂದ ಸೆಪ್ಟೆಂಬರ್ 17. 12 ರಾಜ್ಯಗಳಿಂದ 55 ಜನ. ರೋಡ್ ಐಲೆಂಡ್ ಬರಲೇ ಇಲ್ಲ. ಒಳಗಿನ ಮಾತು ಹೊರಗೆ ಹೋಗಬಾರದು ಅಂತ ಕಟ್ಟುನಿಟ್ಟು. ಮ್ಯಾಡಿಸನ್ ಮುಂದಿನ ಸಾಲಿನಲ್ಲಿ ಕೂತು ದಿನವೂ ಟಿಪ್ಪಣಿ ಬರೆದುಕೊಂಡ. ಅವನು ಸತ್ತ ಮೇಲೆ, 1840ರಲ್ಲಿ, ಅದು ಅಚ್ಚಾಯಿತು. ಈಗ ಮನೆಯಲ್ಲೇ ಕೂತು ಪುಕ್ಕಟೆಯಾಗಿ ಓದಬಹುದು. ಬೇರೆಯವರ ಸಾರಾಂಶ ಬಿಟ್ಟು ಅದನ್ನೇ ಓದು.

ಇಲ್ಲಿ ಲೆಕ್ಕ ಹೇಗೆ ತಿರುಗಿತು ನೋಡು. ತೆರಿಗೆಯ ಪ್ರಶ್ನೆ ಬಂದಾಗ ಗುಲಾಮರನ್ನು ಕಡಿಮೆ ಎಣಿಸಿ ಅಂದ ದಕ್ಷಿಣದಲ್ಲೇ, ಸಂಸತ್ತಿನ ಸೀಟುಗಳ ಪ್ರಶ್ನೆ ಬಂದಾಗ ಪೂರ್ತಿ ಎಣಿಸಿ ಅನ್ನುವವರು ಎದ್ದರು. ಮ್ಯಾಸಚೂಸೆಟ್ಸ್‌ನ ಎಲ್ಬ್ರಿಡ್ಜ್ ಗೆರಿ ಕೇಳಿದ: ಅವರು ನಿಮ್ಮ ಆಸ್ತಿ ಅನ್ನುತ್ತೀರಿ, ಹಾಗಾದರೆ ನಮ್ಮ ದನ ಕುದುರೆಗಳನ್ನು ಯಾಕೆ ಎಣಿಸಬಾರದು? ಪೆನ್ಸಿಲ್ವೇನಿಯಾದ ಗವರ್ನರ್ ಮಾರಿಸ್ ಇನ್ನೂ ನೇರವಾಗಿ ಕೇಳಿದ: ಅವರು ಮನುಷ್ಯರೇ? ಹಾಗಾದರೆ ಪೌರರನ್ನಾಗಿ ಮಾಡಿ ಮತ ಕೊಡಿ. (ಗವರ್ನರ್ ಅನ್ನುವುದು ಅವನ ಹೆಸರು, ಹುದ್ದೆಯಲ್ಲ. ನೀನು ರಾಜ್ಯಪಾಲ ಅಂತ ಮಾಡಿದ್ದೀಯ, ತಿದ್ದು.) ಕೊನೆಗೆ ಗೆದ್ದದ್ದು ಅದೇ ಹಳೆಯ ಐದರಲ್ಲಿ ಮೂರು ಪಾಲು. ಮತವಿಲ್ಲದ ಜನರ ತಲೆಯಿಂದ ಅವರ ಒಡೆಯರಿಗೆ ಹೆಚ್ಚು ಸೀಟು ಸಿಕ್ಕವು. ಅಧ್ಯಕ್ಷರನ್ನು ಆರಿಸುವ ಮತಗಳೂ ಆ ಸೀಟುಗಳನ್ನು ಅನುಸರಿಸಿಯೇ ಹಂಚಿಕೆಯಾದವು.

ಕೊನೆಯ ದಿನದ ಒಂದು ಸಂಗತಿ ನಿನ್ನಲ್ಲಿ ಬಿಟ್ಟುಹೋಗಿದೆ. ಇಡೀ ಬೇಸಿಗೆ ಸಭೆಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದ ವಾಷಿಂಗ್ಟನ್ ಚರ್ಚೆಯ ವಿಷಯಗಳ ಬಗ್ಗೆ ಬಾಯಿಬಿಟ್ಟಿರಲಿಲ್ಲ. ಸೆಪ್ಟೆಂಬರ್ 17ರಂದು, ಸಹಿ ಹಾಕುವ ಮುಂಚೆ, ಎದ್ದು ಮಾತಾಡಿದ. ಯಾವುದರ ಬಗ್ಗೆ? 40,000 ಜನಕ್ಕೆ ಒಬ್ಬ ಪ್ರತಿನಿಧಿ ಅಂತಿರುವುದನ್ನು 30,000 ಮಾಡಿ ಅಂತ. ಎಲ್ಲರೂ ಒಪ್ಪಿದರು. ಆಮೇಲೆ 39 ಜನ ಸಹಿ ಹಾಕಿದರು.

ಪುಸ್ತಕವನ್ನು 1789ರ ಪ್ರಮಾಣವಚನಕ್ಕೆ ಮುಗಿಸಬೇಡ. ಇನ್ನೊಂದು ವರ್ಷ ಮುಂದೆ ಹೋಗು. 1790ರ ಆಗಸ್ಟ್‌ನಲ್ಲಿ ಮೊದಲ ಜನಗಣತಿ ಶುರುವಾಯಿತು. ಸರ್ಕಾರ ಅಚ್ಚು ಹಾಕಿದ ನಮೂನೆ ಕೊಡಲಿಲ್ಲ, ಎಣಿಸುವವರೇ ಕಾಗದ ತಂದು ಗೆರೆ ಎಳೆದುಕೊಂಡರು. ಮನೆಯ ಯಜಮಾನರ ಹೆಸರು ಮಾತ್ರ ಬರೆದರು. ಅದರ ಮುಂದೆ ಹದಿನಾರು ತುಂಬಿದ ಬಿಳಿಯ ಗಂಡಸರು, ಅದಕ್ಕಿಂತ ಚಿಕ್ಕವರು, ಬಿಳಿಯ ಹೆಂಗಸರು, ಉಳಿದ ಸ್ವತಂತ್ರ ಜನ, ಗುಲಾಮರು ಅಂತ ಐದು ಕಾಲಂ. ಒಟ್ಟು ಸುಮಾರು 39 ಲಕ್ಷ ಜನ, ಅವರಲ್ಲಿ ಸುಮಾರು 7 ಲಕ್ಷ ಗುಲಾಮರು. ತೆರಿಗೆ ಕಟ್ಟದ ಮೂಲನಿವಾಸಿಗಳಿಗೆ ಕಾಲಮ್ಮೇ ಇಲ್ಲ. ಅವರ ನೆಲವನ್ನು ಮಿಸಿಸಿಪ್ಪಿ ನದಿಯವರೆಗೂ 1783ರ ಒಪ್ಪಂದದಲ್ಲೇ ಹೊಸ ದೇಶದ ಲೆಕ್ಕಕ್ಕೆ ಸೇರಿಸಿ ಆಗಿತ್ತು.

ಮೊದಲು ಈ ಕೊನೆಯ ಅಧ್ಯಾಯ ಬರೆದು ಕಳಿಸು, ಆಮೇಲೆ 1619ಕ್ಕೆ ವಾಪಸ್ ಹೋಗು. ಹೆಸರುಗಳನ್ನು ಒಂದೇ ಥರ ಬರಿ, ಪೌಹಾಟನ್ ಈಗ ಎರಡು ಕಡೆ ಎರಡು ಥರ ಇದೆ. 1790ರ ಹಾಳೆಯ ಒಂದು ಚಿತ್ರ ಹಾಕಲು ಪ್ರಕಾಶಕರನ್ನು ಒಪ್ಪಿಸಲು ಆಗುತ್ತಾ ನೋಡು. ಅವರು ಪುಟ ಜಾಸ್ತಿಯಾಯಿತು ಅಂದರೆ ನನಗೆ ಫೋನ್ ಮಾಡು, ನಾನೇ ಮಾತಾಡುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ