ಜಿರಳೆ ಸಾಕಲು ಹೊರಟ ಗೆಳೆಯನಿಗೆ

ದಾವಣಗೆರೆ

ಪ್ರೀತಿಯ ಗೆಳೆಯ,

ನೀನು ಸಾಕಿರುವ ಹಲ್ಲಿ ಜಾತಿಯ ಬಿಯರ್ಡೆಡ್ ಡ್ರ್ಯಾಗನ್‌ಗೆ ಬಚ್ಚಲಿನ ಜಿರಳೆಯನ್ನೇ ಹಿಡಿದು ಹಾಕಬಹುದೇ ಎಂದು ಕೇಳಿದ್ದೀಯ. ಖಂಡಿತ ಬೇಡ. ಅದು ಯಾವ ಮನೆಯ ಕೀಟನಾಶಕ ತುಳಿದು ಬಂದಿದೆಯೋ ಯಾರಿಗೆ ಗೊತ್ತು? ದಕ್ಷಿಣ ಅಮೆರಿಕ ಮೂಲದ ಡುಬಿಯಾ ಜಿರಳೆಯನ್ನೇ ಸಾಕು. ನುಣುಪಾದ ಪ್ಲಾಸ್ಟಿಕ್ ಡಬ್ಬದ ಗೋಡೆಯನ್ನು ಅದು ಹತ್ತಲಾರದು. ಹೆಣ್ಣಿಗಿರುವುದು ಮೋಟು ರೆಕ್ಕೆ, ಹಾರುವ ಮಾತೇ ಇಲ್ಲ. ಅಮ್ಮ ಗಾಬರಿಯಾದರೆ ಇದನ್ನು ಕಣ್ಣಾರೆ ತೋರಿಸು.

ಮೊಟ್ಟೆ ಅಂಗಡಿಯಲ್ಲಿ ಸಿಗುವ ರಟ್ಟಿನ ಟ್ರೇಗಳನ್ನು ಡಬ್ಬದೊಳಗೆ ನಿಲ್ಲಿಸಿ ಇಡು. ಮಲಗಿಸಿದರೆ ಹಿಕ್ಕೆ ಅದರಲ್ಲೇ ನಿಲ್ಲುತ್ತದೆ. 28ರಿಂದ 35 ಡಿಗ್ರಿ ಶಾಖವಿದ್ದರೆ ಸಂತಾನ ಚೆನ್ನಾಗಿ ನಡೆಯುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಹೀಟರ್ ಬೇಕಿಲ್ಲ, ತಗಡಿನ ಸೂರಿನ ಕೆಳಗೆ ಮಾತ್ರ ಇಡಬೇಡ.

ಇನ್ನು ಮೇವಿನ ವಿಷಯ. ಇದನ್ನು ಮನಸ್ಸಿಟ್ಟು ಓದು. ಜಿರಳೆ ತಿಂದದ್ದೆಲ್ಲ ನಾಳೆ ನಿನ್ನ ಡ್ರ್ಯಾಗನ್‌ನ ಹೊಟ್ಟೆ ಸೇರುತ್ತದೆ. ನಮ್ಮ ಕಡೆ ಮೆಕ್ಕೆಜೋಳಕ್ಕೆ ಬರವಿಲ್ಲವೆಂದು ಅದರ ನುಚ್ಚನ್ನೇ ಸುರಿಯಬೇಡ. ಅದರಲ್ಲಿ ರಂಜಕ ಇದೆ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಜಿರಳೆಯ ಮೈಯೂ ಹಾಗೆಯೇ. ಡ್ರ್ಯಾಗನ್‌ಗೆ ರಂಜಕದ ಎರಡರಷ್ಟು ಕ್ಯಾಲ್ಸಿಯಂ ಬೇಕು. ಸಿಗದಿದ್ದರೆ ಅದರ ದೇಹ ಸ್ವಂತ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ದವಡೆ ಮೆತ್ತಗಾಗಿ, ಕಾಲು ಸೊಟ್ಟಗಾಗುತ್ತದೆ. ನೋಡಲಾಗದಂಥ ಸಂಕಟ ಅದು. ಆದ್ದರಿಂದ ಹಾಕುವ ಹಿಂದಿನ ದಿನ ಜಿರಳೆಗೆ ಚೆನ್ನಾಗಿ ತೊಳೆದ ನುಗ್ಗೆಸೊಪ್ಪು, ಕ್ಯಾರೆಟ್ ತಿನ್ನಿಸು. ತಿನ್ನಿಸಿದ ಜಿರಳೆಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡು. ಡ್ರ್ಯಾಗನ್‌ಗೆ ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ಯುವಿಬಿ ದೀಪವನ್ನೂ ಮರೆಯಬೇಡ, ಅದಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಅಗ್ಗವೆಂದು ನಾಯಿ ಬಿಸ್ಕತ್ತು ಹಾಕುವವರಿದ್ದಾರೆ. ಹೆಚ್ಚಾದ ಪ್ರೋಟೀನನ್ನು ಜಿರಳೆ ಯೂರಿಕ್ ಆಮ್ಲವಾಗಿ ಮೈಯಲ್ಲೇ ಕೂಡಿಡುತ್ತದೆ, ನನಗಂತೂ ಅದು ಒಪ್ಪಿಗೆಯಿಲ್ಲ. ನೀರಿನ ಬಟ್ಟಲು ಇಟ್ಟರೆ ಮರಿಗಳು ಮುಳುಗುತ್ತವೆ. ಕಿತ್ತಳೆ ಹೋಳು ಇಡು, ಮುಗಿಬಿದ್ದು ತಿನ್ನುತ್ತವೆ.

ತಾಳ್ಮೆಯಿದ್ದರೆ ಒಂದು ಅದ್ಭುತ ನೋಡುತ್ತೀಯ. ಡುಬಿಯಾ ಮೊಟ್ಟೆಯನ್ನು ಹೊರಗೆ ಇಟ್ಟುಹೋಗುವುದಿಲ್ಲ. ಮೊಟ್ಟೆಗಳ ನಸುಹಳದಿ ಕೋಶವನ್ನು ಹೊರಚಾಚಿ, ಮತ್ತೆ ನಿಧಾನವಾಗಿ ಒಳಗೆಳೆದುಕೊಂಡು ಹೊಟ್ಟೆಯಲ್ಲೇ ಸುಮಾರು ಎರಡು ತಿಂಗಳು ಕಾಪಾಡುತ್ತದೆ. ಆಮೇಲೆ ಇಪ್ಪತ್ತು ಮೂವತ್ತು ಬಿಳಿ ಮರಿಗಳು ಜೀವಂತವಾಗಿ ಹೊರಬರುತ್ತವೆ, ಕೆಲವೇ ಗಂಟೆಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತವೆ. ಅವು ದೊಡ್ಡವಾಗಲು ನಾಲ್ಕಾರು ತಿಂಗಳು ಬೇಕು. ಅಲ್ಲಿಯ ತನಕ ಗುಂಪಿನಿಂದ ತೆಗೆದು ಡ್ರ್ಯಾಗನ್‌ಗೆ ತಿನ್ನಿಸುವ ಆತುರ ಬೇಡ.

ನಾನು ಸಾಕಿರುವ ದೊಡ್ಡ ಜೇಡ ಟ್ಯಾರಂಟುಲಾಗೂ ಇದೇ ಊಟ. ಡುಬಿಯಾ ಮಣ್ಣಿನೊಳಗೆ ಹೂತು ಕೂರುವುದರಿಂದ ತಲೆ ಹಿಸುಕಿ ಕೊಡುತ್ತೇನೆ. ತಿನ್ನದಿದ್ದರೆ ಮರುದಿನ ತೆಗೆದುಬಿಡಬೇಕು. ಪೊರೆ ಕಳಚಿದ ಜೇಡದ ಮೈ ಮೆತ್ತಗಿರುತ್ತದೆ, ಜಿರಳೆಯೇ ಅದನ್ನು ಕಚ್ಚಬಹುದು.

ಹಿಕ್ಕೆಯ ದೂಳು ಕೆಲವರಿಗೆ ಅಲರ್ಜಿ ತರುತ್ತದೆ. ನಿನಗೆ ಮೊದಲೇ ಉಬ್ಬಸ, ಡಬ್ಬ ತೊಳೆಯುವಾಗ ಮಾಸ್ಕ್ ಹಾಕಿಕೋ. ಭಾನುವಾರ ದುರ್ಗದಿಂದ ಬೆಳಗಿನ ಬಸ್ಸಿಗೇ ಬಾ, ಮುಚ್ಚಳದಲ್ಲಿ ತೂತು ಮಾಡಿದ ಡಬ್ಬವನ್ನೂ ತಾ. ಒಂದು ಗಂಡಿಗೆ ಮೂರ್ನಾಲ್ಕು ಹೆಣ್ಣಿನಂತೆ ಆರಿಸಿ ಕೊಡುತ್ತೇನೆ.

ಇಂತಿ ನಿನ್ನ ಗೆಳೆಯ