ಬೋರ್ಡು ಅದೇ, ಬಿಲ್ ಕೊಡುವವರು ಬೇರೆ

ಬೆಳಗಾವಿ

ಚಿ. ಬಸವರಾಜನಿಗೆ ಕಾಕಾನ ಆಶೀರ್ವಾದಗಳು.

ನಿನ್ನ ವಿಜಯಪುರದ ಅಂಗಡಿಯಲ್ಲಿ ಮಾರುವ ಎರಡು ಸ್ಪೋರ್ಟ್ಸ್ ಬ್ರ್ಯಾಂಡುಗಳು ಒಂದಾಗುತ್ತಿವೆ, ಅದಕ್ಕೆ ಈಗಲೇ ಎರಡು ಪಟ್ಟು ಮಾಲು ಎತ್ತು ಅಂತ ಡಿಸ್ಟ್ರಿಬ್ಯೂಟರ್ ಗಂಟುಬಿದ್ದಿದ್ದಾನೆ ಎಂದು ಬರೆದಿದ್ದೀ. ಸದ್ಯಕ್ಕೆ ಮುಂಗಡ ಚೆಕ್ ಕೊಡಬೇಡ.

ಮಾಲೀಕ ಒಬ್ಬನೇ ಆದರೂ ಎರಡೂ ಹೆಸರು ಬಾಳುತ್ತವೆ ಅನ್ನುವ ಖಾತ್ರಿ ಇಲ್ಲ. ನೈಕಿ 2003ರಲ್ಲಿ ಕೊಂಡ ಕಾನ್ವರ್ಸ್ ಇವತ್ತಿಗೂ ಓಡುತ್ತಿದೆ. 2008ರಲ್ಲಿ ಕೊಂಡ ಉಂಬ್ರೋವನ್ನು 2012ರಲ್ಲೇ ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿ ಕೈತೊಳೆದುಕೊಂಡಿತು. ಅಡಿಡಾಸ್ 2006ರಲ್ಲಿ ಸುಮಾರು 380 ಕೋಟಿ ಡಾಲರ್ ಸುರಿದು ರೀಬಾಕ್ ಕೊಂಡಿದ್ದು ಅಮೆರಿಕದಲ್ಲಿ ನೈಕಿಯನ್ನು ಹಿಡಿಯಲಿಕ್ಕೆ. ಆದರೆ ಅದೇ ವರ್ಷ ಅಲ್ಲಿಯ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದ ಜೆರ್ಸಿ ರೀಬಾಕ್ ಕೈತಪ್ಪಿ ಅಡಿಡಾಸ್ ಪಾಲಾಯಿತು, ರೀಬಾಕ್ ಬರಬರುತ್ತ ಜಿಮ್ಮಿನ ಬೂಟಿಗೆ ಸರಿಯಿತು. ಒಂದೇ ಮನೆಯಲ್ಲಿ ಇಬ್ಬರಿಗೂ ಒಂದೇ ಆಟ ಯಾಕೆ, ಅಲ್ಲವೇ? 2021ರಲ್ಲಿ ರೀಬಾಕನ್ನು ಆಥೆಂಟಿಕ್ ಬ್ರ್ಯಾಂಡ್ಸ್ ಎಂಬ ಅಮೆರಿಕದ ಕಂಪನಿಗೆ ಮಾರುವ ಒಪ್ಪಂದವಾಯಿತು; ಭಾರತದ ವ್ಯಾಪಾರ ಆದಿತ್ಯ ಬಿರ್ಲಾ ಫ್ಯಾಶನ್‌ಗೆ ಬಂತು. ಅಂಗಡಿಯವನಿಗೆ ಮುಖ್ಯವಾದದ್ದು ಈ ಕೊನೆಯ ಸಂಗತಿ: ಬಿಲ್ ಕೊಡುವ ಕಂಪನಿ, ಅದರ ಜಿಎಸ್‌ಟಿ ನಂಬರು ಎಲ್ಲ ಬದಲು.

ಆದ್ದರಿಂದ ಕೊಳ್ಳುವವರು ಏನು ಕೊಳ್ಳುತ್ತಿದ್ದಾರೆ ಕೇಳು. ಷೇರು ಕೊಂಡರೆ ಕಂಪನಿ ಅದೇ, ನಿನ್ನ ಕರಾರು, ಡಿಪಾಜಿಟ್ ಹಾಗೇ ಮುಂದುವರಿಯುತ್ತವೆ. ಬರೀ ಬ್ರ್ಯಾಂಡಿನ ಹಕ್ಕು ಕೊಂಡರೆ, ಬೇರೆ ಮಾತಾಗದ ಹೊರತು, ಹಳೆಯ ಬಾಕಿ ಹಳೆಯ ಕಂಪನಿಯ ತಲೆಗೇ, ಹೊಸಬರು ತಮಗೆ ಸಂಬಂಧವಿಲ್ಲ ಅನ್ನುತ್ತಾರೆ. ದೊಡ್ಡ ವಿಲೀನಕ್ಕೆ ಸ್ಪರ್ಧಾ ಆಯೋಗದ ಒಪ್ಪಿಗೆ ಬೇಕು, ಅದು ಸಿಗುವ ತನಕ ಎರಡೂ ಬೇರೆ ಬೇರೆಯಾಗಿಯೇ ನಡೆಯಬೇಕು. "ಈಗಿಂದಲೇ ಎರಡಕ್ಕೂ ಒಂದೇ ಕರಾರು" ಅಂದವನ ಕಾಗದಕ್ಕೆ ಸಹಿ ಹಾಕಬೇಡ.

ಸ್ಕೀಮು, ಡ್ಯಾಮೇಜು, ರೇಟ್ ಫರಕು, ಬಾಯಿಮಾತಲ್ಲಿ ಉಳಿದದ್ದನ್ನೆಲ್ಲ ಕ್ರೆಡಿಟ್ ನೋಟಾಗಿ, ಅಂದರೆ ಬಿಲ್ಲಿನಿಂದ ಇಷ್ಟು ಕಳೆದಿದೆ ಅನ್ನುವ ಚೀಟಿಯಾಗಿ, ಬರೆಸಿಕೋ, ಖಾತೆ ಉತಾರಕ್ಕೆ ಈಗ ಬಿಲ್ ಕೊಡುತ್ತಿರುವವರ ಸಿಕ್ಕಾ ಹಾಕಿಸು. ಒಂದು ಆರ್ಥಿಕ ವರ್ಷದ ಬಿಲ್ಲಿನ ಮೇಲೆ ಅವರು ಈ ನೋಟಿನಿಂದ ಜಿಎಸ್‌ಟಿ ಇಳಿಸಿಕೊಳ್ಳಲು ಆ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಕೊನೆ, ವಾರ್ಷಿಕ ರಿಟರ್ನ್ ಮೊದಲೇ ಹಾಕಿದ್ದರೆ ಆ ದಿನವೇ. ಆಮೇಲೆ ಕೊಟ್ಟರೂ ತೆರಿಗೆಯ ಭಾಗ ಬಿಟ್ಟು ಕೊಡುತ್ತಾರೆ.

ಇನ್ನು ಮಾಲು. ಇಂಥ ಹೊತ್ತಿನಲ್ಲಿ ಗೋದಾಮು ಖಾಲಿ ಮಾಡಲಿಕ್ಕೇ ಮಾರ್ಜಿನ್ ಏರಿಸುತ್ತಾರೆ. ಡಬ್ಬಿಯ ಮೇಲಿನ ತಿಂಗಳು, ವರ್ಷ ನೋಡು. ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ತಳ ಮಾರದೆ ಇಟ್ಟರೂ ಹಾಳಾಗುತ್ತದೆ: ಗಾಳಿಯ ತೇವಕ್ಕೆ ಒಳಗೊಳಗೇ ಒಡೆಯುತ್ತದೆ, ಡಬ್ಬಿಯಲ್ಲಿ ಹೊಸದಾಗಿ ಕಂಡ ಬೂಟು ಗಿರಾಕಿಯ ಕಾಲಲ್ಲಿ ಪುಡಿಪುಡಿ. ಮೂರು ವರ್ಷ ದಾಟಿದ್ದರೆ ತಳವನ್ನು ಬಗ್ಗಿಸಿ ಹೆಬ್ಬೆರಳಿನಿಂದ ಒತ್ತು. ಗೆರೆ ಬಿಟ್ಟರೆ, ಜಿಗುಟು ಅನಿಸಿದರೆ ಆ ಲಾಟೇ ಬೇಡ. ಇವಿಎ ಎಂಬ ಇನ್ನೊಂದು ಬಗೆಯ ಫೋಮ್ ತಳಕ್ಕೆ ಈ ರೋಗ ಇಲ್ಲ, ಅಂಟು ಬಿಟ್ಟಿದೆಯೇ ಅಷ್ಟು ನೋಡಿದರೆ ಸಾಕು. ಎಲ್ಲ ಅಳತೆಯ ಸೆಟ್ಟೇ ಎತ್ತಬೇಕು, ಒಡೆದು ಕೊಡುವುದಿಲ್ಲ ಅಂದರೆ ತೆಗೆದುಕೊಳ್ಳಬೇಡ. 7, 8, 9 ನಂಬರಿನವು ಹೋಗಿ ಕೊನೆಗೆ 5 ಮತ್ತು 11 ನಿನ್ನ ಕಪಾಟಿನಲ್ಲಿ ಕೂರುತ್ತವೆ, ವಾಪಸ್ ತೆಗೆದುಕೊಳ್ಳುವ ಕಂಪನಿ ಆಗ ಇರುವುದಿಲ್ಲ.

ಕರಾರಿನ ನಕಲು, ಡಿಪಾಜಿಟ್ ರಸೀದಿ, ಅವರ ಬಳಿ ಇರುವ ನಿನ್ನ ಖಾಲಿ ಚೆಕ್ಕಿನ ನಂಬರು ಈ ವಾರದೊಳಗೆ ಕಳಿಸು. ವೈನಿಗೆ ನಮಸ್ಕಾರ ತಿಳಿಸು.

ನಿನ್ನ ಕಾಕಾ